ಹಳೆಯ ಅಂಬಾಸಿಡರ್‌ಗೆ ಕರೆಂಟ್ ಫ್ಯಾನ್ ಹಾಕುವ ಮುನ್ನ ಡೈನಮೋ ನೋಡಿ

ಮೇ ತಿಂಗಳ ಬಳ್ಳಾರಿ ಬಿಸಿಲು, ಮುಂದೆ ಬ್ಯಾಂಡಿನವರು, ಹಿಂದೆ ಹೂವು ಕಟ್ಟಿದ ಅಂಬಾಸಿಡರ್. ಹೊಸಪೇಟೆ ರಸ್ತೆಯಲ್ಲಿ ಆರಾಮಾಗಿ ಓಡಿದ ಗಾಡಿ ಮೆರವಣಿಗೆಯಲ್ಲಿ ಕುದಿಯುತ್ತದೆ. ಬೆಲ್ಟಿನ ಫ್ಯಾನ್ ಎಂಜಿನ್ ವೇಗಕ್ಕೆ ತಕ್ಕಷ್ಟೇ ತಿರುಗುತ್ತದೆ, ಗಾಡಿ ನಿಂತಾಗ ಎದುರುಗಾಳಿಯೂ ಇರುವುದಿಲ್ಲ. ಇದಕ್ಕೆ ಕರೆಂಟ್ ಫ್ಯಾನ್ ಒಳ್ಳೆಯ ಪರಿಹಾರ. ಆದರೆ ರೇಡಿಯೇಟರ್ ಒಳಗೆ ಬೋರ್ ನೀರಿನ ಉಪ್ಪು ಕಟ್ಟಿದ್ದರೆ ಯಾವ ಫ್ಯಾನೂ ಕೈಹಿಡಿಯದು. ಮೊದಲು ಅದನ್ನು ಬಿಚ್ಚಿಸಿ ರಾಡ್ ಹೊಡೆಸಿ (ಟ್ಯೂಬುಗಳೊಳಗೆ ಸಲಾಕೆ ತೂರಿಸಿ ಉಪ್ಪು ತೆಗೆಸಿ), ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ತುಂಬಿಸಿ.

ಮುಂದಿನ ಪ್ರಶ್ನೆ ಡೈನಮೋದು, ಅಂದರೆ ಎಂಜಿನ್ ಜೊತೆ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರದ್ದು. 12 ಇಂಚಿನ ಫ್ಯಾನ್ ಸುಮಾರು 10 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ದುಪ್ಪಟ್ಟಿಗೂ ಹೆಚ್ಚು. ಹಳೆಯ ಡೈನಮೋ ಪೂರ್ಣ ವೇಗದಲ್ಲಿ 20 ಆಂಪಿಯರ್ ಆಸುಪಾಸು ಕೊಟ್ಟರೂ ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ನಿಧಾನ ಓಡುವಾಗ) ಕೊಡುವುದು ಶೂನ್ಯಕ್ಕೆ ಸಮ. ಫ್ಯಾನ್ ಬೇಕಾಗುವುದು ಐಡಲ್‌ನಲ್ಲೇ! ಹೆಡ್‌ಲೈಟ್ ಹೊತ್ತಿಸಿದ ರಾತ್ರಿ ಮೆರವಣಿಗೆಯಲ್ಲಿ ಎಲ್ಲ ಭಾರ ಬ್ಯಾಟರಿ ಮೇಲೆ ಬೀಳುತ್ತದೆ, ಒಮ್ಮೆ ಆಫ್ ಮಾಡಿದರೆ ಸೆಲ್ಫ್ ಎತ್ತುವುದಿಲ್ಲ. ಹಾಗಾಗಿ ಡೈನಮೋ ಗಾಡಿಗೆ ಮೊದಲು ಐಡಲ್‌ನಲ್ಲೂ ಕರೆಂಟ್ ಕೊಡುವ ಆಲ್ಟರ್ನೇಟರ್, ಆಮೇಲೆ ಫ್ಯಾನ್. ಈ ಕ್ರಮ ತಪ್ಪಿಸಬೇಡಿ. ಬ್ಯಾಟರಿಯ ಯಾವ ತುದಿ ಗಾಡಿಯ ಲೋಹದ ಬಾಡಿಗೆ (ಅರ್ಥ್) ಕಟ್ಟಿದೆ ಎಂದೂ ನೋಡಿಕೊಳ್ಳಿ. ಕೆಲವು ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ ಇರುತ್ತದೆ. ಅಂಥದ್ದಕ್ಕೆ ಫ್ಯಾನ್ ಓಡಿಸುವ ಎಲೆಕ್ಟ್ರಾನಿಕ್ ಕಂಟ್ರೋಲರ್ ಹಾಕಿದರೆ ಸುಟ್ಟುಹೋಗುತ್ತದೆ. ಆಲ್ಟರ್ನೇಟರ್ ಹಾಕುವಾಗ ನೆಗೆಟಿವ್ ಅರ್ಥ್‌ಗೆ ಬದಲಿಸಿಬಿಡಿ.

ಫ್ಯಾನನ್ನು ರೇಡಿಯೇಟರ್ ಹಿಂದೆ, ಗಾಳಿ ಎಳೆಯುವಂತೆ ಕೂರಿಸಿ. ತಗಡಿನ ಪಟ್ಟಿಯಲ್ಲಿ ಬ್ರಾಕೆಟ್ ಮಾಡಿಸಿ ರೇಡಿಯೇಟರ್ ಚೌಕಟ್ಟಿಗೆ ಬಿಗಿಯಬೇಕು. ಜಾಲರಿಯೊಳಗೆ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟಿದರೆ ಅದುರಿ ಉಜ್ಜಿ ಟ್ಯೂಬ್ ತೂತಾಗುತ್ತದೆ. ವೈರ್ ಅದಲುಬದಲಾದರೆ ಫ್ಯಾನ್ ಹಿಮ್ಮುಖ ತಿರುಗುತ್ತದೆ, ಕೈಯಲ್ಲಿ ಕಾಗದ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಹಳೆಯ ಫ್ಯಾನ್ ಬಿಚ್ಚಿದ ಮೇಲೆ ಅದೇ ಬೋಲ್ಟ್ ಮತ್ತೆ ಹಾಕಿದರೆ ಫ್ಯಾನಿನ ದಪ್ಪದಷ್ಟು ಉದ್ದ ಹೆಚ್ಚಾಗುತ್ತದೆ: ಬೋಲ್ಟ್ ತಳ ಮುಟ್ಟಿ ನಿಲ್ಲುತ್ತದೆ, ವಾಟರ್ ಪಂಪಿನ ಪುಲ್ಲಿ ಸಡಿಲವಾಗೇ ಉಳಿಯುತ್ತದೆ. ಗಿಡ್ಡ ಬೋಲ್ಟ್ ಹಾಕಿ, ಇಲ್ಲವೇ ವಾಷರ್ ಕೊಡಿ.

ನೀರಿನ ಬಿಸಿ ನೋಡಿ ಫ್ಯಾನನ್ನು ತಾನೇ ಓಡಿಸಿ ನಿಲ್ಲಿಸುವ ಥರ್ಮೋಸ್ವಿಚ್‌ಗೆ ರೇಡಿಯೇಟರಿನ ಮೇಲಿನ ಹೋಸ್ ಕತ್ತರಿಸಿ ಲೋಹದ ಅಡಾಪ್ಟರ್ ಸೇರಿಸಿ. ಸ್ವಿಚ್ ಸದಾ ನೀರಲ್ಲಿ ಮುಳುಗಿರಬೇಕು, ನೀರು ಇಳಿದು ಆವಿ ಸೇರಿದರೆ ಅದಕ್ಕೆ ಬಿಸಿ ಸರಿಯಾಗಿ ತಿಳಿಯದು. ಎಂಜಿನ್ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ತೆರೆಯುವ ಕವಾಟ) 82 ಡಿಗ್ರಿಯದಾದರೆ 92ಕ್ಕೆ ಶುರು, 87ಕ್ಕೆ ನಿಲ್ಲುವ ಸ್ವಿಚ್ ಸಾಕು. 82ಕ್ಕಿಂತ ಕೆಳಗೆ ನಿಲ್ಲುವ ಸ್ವಿಚ್ ಹಾಕಿದರೆ ಫ್ಯಾನ್ ನಿಲ್ಲುವುದೇ ಇಲ್ಲ. ಬಿಸಿಲೂರಿಗೆ ಥರ್ಮೋಸ್ಟಾಟ್ ಯಾಕೆ ಎಂದು ಕಿತ್ತೆಸೆಯುವುದು ತಪ್ಪು. ಒಂದೇ ವೈರಿನ ಸ್ವಿಚ್ ಆದರೆ ಅಡಾಪ್ಟರ್‌ಗೆ ಅರ್ಥ್ ಬೇರೆಯೇ ಎಳೆಯಬೇಕು, ಎರಡೂ ಕಡೆ ರಬ್ಬರ್ ಹೋಸ್ ಇರುವುದರಿಂದ ಅದಕ್ಕೆ ಬಾಡಿಯ ಸಂಪರ್ಕವಿಲ್ಲ.

ಫ್ಯಾನಿನ ಕರೆಂಟ್ ಥರ್ಮೋಸ್ವಿಚ್ ಮೂಲಕ ಹಾಯಬಾರದು, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ರಿಲೇ ಬೇಕೇ ಬೇಕು. ಬ್ಯಾಟರಿಯಿಂದ ಒಂದಡಿ ಒಳಗೆ 20 ಆಂಪಿಯರ್ ಫ್ಯೂಸ್, ಅಲ್ಲಿಂದ 4 ಚದರ ಮಿಮೀ ವೈರಿನಲ್ಲಿ ರಿಲೇಯ 30 ನಂಬರಿನ ಪಿನ್ನಿಗೆ, 87ನೇ ಪಿನ್ನಿಂದ ಫ್ಯಾನ್‌ಗೆ. 86ಕ್ಕೆ ಇಗ್ನಿಷನ್ ಲೈನ್, 85ರಿಂದ ಥರ್ಮೋಸ್ವಿಚ್ ಮೂಲಕ ಅರ್ಥ್. ಫ್ಯಾನ್ ಓಡುತ್ತಿರುವಾಗ ಬ್ಯಾಟರಿ ಮೇಲೊಮ್ಮೆ, ಫ್ಯಾನಿನ ಪ್ಲಗ್ ಮೇಲೊಮ್ಮೆ ಮೀಟರ್ ಹಿಡಿಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಯಾವುದೋ ಕೀಲು ಸಡಿಲ. ಬಹುತೇಕ ಅರ್ಥ್ ಬೋಲ್ಟಿನ ಕೆಳಗಿನ ಬಣ್ಣವೇ ಅಡ್ಡ ಬಂದಿರುತ್ತದೆ, ಕೆರೆದು ಬಿಗಿ ಮಾಡಿ.

ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಗಳ ಜಾಲರಿಯಲ್ಲಿ ಅದಿರಿನ ಕೆಂಧೂಳು ತುಂಬಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಎಂಜಿನ್ ಕಡೆಯಿಂದ ಮುಂದಕ್ಕೆ, ಜೋರಿಲ್ಲದ ನೀರಿನಲ್ಲಿ ತೊಳೆಯಿರಿ. ಪ್ರೆಷರ್ ಪಂಪ್ ಹಿಡಿದರೆ ರೇಡಿಯೇಟರಿನ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ.