ನಿದ್ದೆಯ ಒತ್ತಡ ಮತ್ತು ದೇಹದ ಗಡಿಯಾರ: ನಿದ್ದೆಯ ಅರಿವು ಮೂಡಿಸಲು ಹೊರಟವರಿಗೊಂದು ಅಧ್ಯಯನ ಟಿಪ್ಪಣಿ

ಸಮುದಾಯ ಆರೋಗ್ಯ ಶುಶ್ರೂಷೆಯ ಕ್ಷೇತ್ರಕಾರ್ಯಕ್ಕೆ ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಿಗೆ ಹೋಗುವ ನಮ್ಮಂಥ ವಿದ್ಯಾರ್ಥಿಗಳು ನಿದ್ದೆಯ ಬಗ್ಗೆ ಮಾತನಾಡಬೇಕಾದಾಗ ಸಾಮಾನ್ಯವಾಗಿ ಗಂಟೆಗಳ ಲೆಕ್ಕವನ್ನಷ್ಟೇ ಹೇಳಿ ಬರುತ್ತೇವೆ. ಆ ಲೆಕ್ಕ ಸುಲಭವಾದದ್ದು: ವಯಸ್ಕರಿಗೆ ಕನಿಷ್ಠ 7 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ, 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ. ಆದರೆ ರಾತ್ರಿ ದುಡಿದು ಹಗಲು ಮಲಗುವವರ ಮುಂದೆ ಈ ಪಟ್ಟಿ ಓದಿದರೆ ಪ್ರಯೋಜನವಿಲ್ಲ. ಎಷ್ಟು ಹೊತ್ತು ಮಲಗಬೇಕು ಎಂಬುದರ ಜೊತೆಗೆ ಯಾವ ಹೊತ್ತಿನಲ್ಲಿ ದೇಹ ಮಲಗಲು ಒಪ್ಪುತ್ತದೆ ಎಂಬುದನ್ನೂ ತಿಳಿದಿದ್ದರೆ ಮಾತ್ರ ಅವರಿಗೆ ಉಪಯೋಗವಾಗುವಂಥದ್ದನ್ನು ಹೇಳಲು ಸಾಧ್ಯ.

ನಿದ್ದೆಯ ಹಂತಗಳು

ಪರೀಕ್ಷೆಗೆ ಬೇಕಾದಷ್ಟು ಇಲ್ಲಿದೆ. ಹಗುರ ನಿದ್ದೆಯ ಎನ್1, ಎನ್2, ಗಾಢ ನಿದ್ದೆಯ ಎನ್3 ಮತ್ತು ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ರೆಮ್ ನಿದ್ದೆ ಸೇರಿ ಸುಮಾರು 90 ನಿಮಿಷದ ಒಂದು ಆವರ್ತವಾಗುತ್ತದೆ. ಒಂದು ರಾತ್ರಿಯಲ್ಲಿ ಇಂಥವು ನಾಲ್ಕರಿಂದ ಆರು ಬರುತ್ತವೆ. ಗಾಢ ನಿದ್ದೆ ರಾತ್ರಿಯ ಮೊದಲರ್ಧದಲ್ಲಿ ಹೆಚ್ಚು, ರೆಮ್ ನಿದ್ದೆ ಬೆಳಗಿನ ಜಾವಕ್ಕೆ ಹೆಚ್ಚು. ಈ ಕೊನೆಯ ವಾಕ್ಯವನ್ನು ನೆನಪಿಟ್ಟುಕೊಳ್ಳಬೇಕು, ಮುಂದಿನ ಭಾಗಕ್ಕೆ ಅದು ಬೇಕಾಗುತ್ತದೆ.

ಎರಡು ಶಕ್ತಿಗಳು: ತೊಡಕಿನ ಜಾಗ

ನಿದ್ದೆ ಯಾವಾಗ ಬರುತ್ತದೆ, ಯಾವಾಗ ಬಿಡುತ್ತದೆ ಎಂಬುದನ್ನು ವಿವರಿಸುವ ಮಾದರಿಯನ್ನು ನಿದ್ದೆಯ ಸಂಶೋಧಕ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಮಂಡಿಸಿದರು. ಅದರ ಪ್ರಕಾರ ನಮ್ಮೊಳಗೆ ಎರಡು ವ್ಯವಸ್ಥೆಗಳು ಒಟ್ಟೊಟ್ಟಿಗೆ ಕೆಲಸ ಮಾಡುತ್ತಿರುತ್ತವೆ. ಮೊದಲನೆಯದು ನಿದ್ದೆಯ ಒತ್ತಡ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಹೆಚ್ಚುತ್ತಾ ಹೋಗಿ ಈ ಒತ್ತಡ ಏರುತ್ತದೆ, ಮಲಗಿದಾಗ ಇಳಿಯುತ್ತದೆ. ಎರಡನೆಯದು ದೇಹದ ಗಡಿಯಾರ. ಮಿದುಳಿನ ಹೈಪೋಥಲಾಮಸ್ ಭಾಗದಲ್ಲಿರುವ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ನರಕೋಶಗುಚ್ಛವು ಕಣ್ಣಿನ ಮೂಲಕ ಬರುವ ಬೆಳಕನ್ನು ಆಧರಿಸಿ ಹಗಲು ರಾತ್ರಿಯ ಲೆಕ್ಕ ಇಡುತ್ತದೆ, ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಪೀನಿಯಲ್ ಗ್ರಂಥಿಯಿಂದ ಯಾವಾಗ ಸ್ರವಿಸಬೇಕೆಂದು ನಿರ್ಧರಿಸುತ್ತದೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಪ್ರಶಸ್ತಿ ಬಂದಿತು.

ಇಷ್ಟನ್ನು ಓದಿದರೂ ಒಂದು ಪ್ರಶ್ನೆ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಒತ್ತಡ ಏರುತ್ತಲೇ ಹೋಗುವುದಾದರೆ ಸಂಜೆ ಏಳು ಗಂಟೆಗೆ ನಾವು ಮಧ್ಯಾಹ್ನ ಮೂರು ಗಂಟೆಗಿಂತ ಹೆಚ್ಚು ಚುರುಕಾಗಿರುವುದು ಹೇಗೆ? ಮೊದಲರ್ಧ ರಾತ್ರಿಯ ಗಾಢ ನಿದ್ದೆಯಲ್ಲೇ ಒತ್ತಡದ ಬಹುಪಾಲು ಇಳಿದುಹೋಗುವುದಾದರೆ ಮೂರು ಗಂಟೆಗೇ ಎಚ್ಚರವಾಗದೆ ಆರರವರೆಗೆ ಮಲಗಿರುವುದು ಹೇಗೆ? ಇದನ್ನು ಬಿಡಿಸಲು ಒಂದೇ ದಾರಿಯೆಂದರೆ ಇಡೀ ದಿನವನ್ನು ಗಂಟೆ ಗಂಟೆಯಾಗಿ ಬರೆದುಕೊಂಡು, ಪ್ರತಿ ಗಂಟೆಯಲ್ಲೂ ಎರಡೂ ಶಕ್ತಿಗಳು ಎಲ್ಲಿವೆ ಎಂದು ಬೇರೆ ಬೇರೆಯಾಗಿ ಗುರುತಿಸುವುದು. ಇದನ್ನು ಹಗ್ಗಜಗ್ಗಾಟವೆಂದು ತಿಳಿಯಿರಿ. ಒತ್ತಡವು ನಿದ್ದೆಯ ಕಡೆಗೆ ಎಳೆಯುತ್ತದೆ, ಗಡಿಯಾರವು ಹಗಲಿನಲ್ಲಿ ಎಚ್ಚರದ ಕಡೆಗೆ ಎಳೆಯುತ್ತದೆ.

ಬೆಳಗ್ಗೆ ಆರಕ್ಕೆ ಏಳುವವರನ್ನು ತೆಗೆದುಕೊಳ್ಳೋಣ. ಹತ್ತು ಗಂಟೆಗೆ ಒತ್ತಡ ಕಡಿಮೆಯಿದೆ, ಗಡಿಯಾರದ ಎಳೆತ ಏರುತ್ತಿದೆ, ಆದ್ದರಿಂದ ಮನಸ್ಸು ಚುರುಕಾಗಿರುತ್ತದೆ. ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಒತ್ತಡ ಸಾಕಷ್ಟು ಬೆಳೆದಿರುತ್ತದೆ, ಗಡಿಯಾರ ಇನ್ನೂ ಪೂರ್ತಿ ಬಲಕ್ಕೆ ಬಂದಿರುವುದಿಲ್ಲ, ಆದ್ದರಿಂದ ತೂಕಡಿಕೆ. (ಊಟ ಮಾಡದಿದ್ದರೂ ಈ ತೂಕಡಿಕೆ ಬರುತ್ತದೆ, ಮುದ್ದೆಯೂಟವೊಂದನ್ನೇ ದೂರುವುದು ಸರಿಯಲ್ಲ.) ಸಂಜೆ ಏಳರಿಂದ ಒಂಬತ್ತರ ಹೊತ್ತಿಗೆ ಒತ್ತಡ ಇನ್ನೂ ಹೆಚ್ಚಾಗಿದ್ದರೂ ಗಡಿಯಾರ ತನ್ನ ಗರಿಷ್ಠ ಬಲದಿಂದ ಎಚ್ಚರದ ಕಡೆಗೆ ಎಳೆಯುವುದರಿಂದ ಆ ಹೊತ್ತಿನಲ್ಲಿ ಮಲಗಲು ಹೋದರೂ ನಿದ್ದೆ ಹತ್ತುವುದು ಕಷ್ಟ. ಹತ್ತು ಗಂಟೆಯ ನಂತರ ಮೆಲಟೋನಿನ್ ಏರಿ, ಗಡಿಯಾರವು ಹಗ್ಗ ಸಡಿಲಿಸುತ್ತದೆ, ಒತ್ತಡ ಗೆಲ್ಲುತ್ತದೆ. ಬೆಳಗಿನ ಜಾವ ಮೂರರಿಂದ ಐದರವರೆಗೆ ಒತ್ತಡ ಬಹುತೇಕ ಇಳಿದಿದ್ದರೂ ಗಡಿಯಾರದ ಎಚ್ಚರದ ಎಳೆತ ದಿನದಲ್ಲೇ ಅತಿ ಕಡಿಮೆಯಾಗಿರುತ್ತದೆ, ದೇಹದ ಉಷ್ಣತೆಯೂ ಆಗ ಅತ್ಯಂತ ಕೆಳಗಿರುತ್ತದೆ. ಎದುರು ಎಳೆಯುವವರೇ ಇಲ್ಲದ ಕಾರಣ ಉಳಿದ ಸ್ವಲ್ಪ ಒತ್ತಡವೇ ನಿದ್ದೆಯನ್ನು ಆರು ಗಂಟೆಯವರೆಗೆ ಕಾಯುತ್ತದೆ. ಎರಡೂ ಪ್ರಶ್ನೆಗಳಿಗೆ ಉತ್ತರ ಇಲ್ಲಿಯೇ ಸಿಕ್ಕಿತು.

ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರೊಬ್ಬರು ನಮ್ಮ ತಂಡಕ್ಕೆ ಕೇಳಿದ ಪ್ರಶ್ನೆಯನ್ನು ಈಗ ನೋಡಬಹುದು. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಅವರು ಟಾರ್ಚ್ ಹಿಡಿದು ತೋಟಕ್ಕೆ ಹೋಗಿ, ಸ್ಟಾರ್ಟರ್ ಒತ್ತಿ, ಒಂದು ಪಟ್ಟೆಗೆ ನೀರು ಸಾಕಾದ ಮೇಲೆ ಗೇಟ್‌ವಾಲ್ ತಿರುವಿ ಮತ್ತೊಂದು ಪಟ್ಟೆಗೆ ಬಿಡುತ್ತಾ ಬೆಳಗು ಮಾಡುತ್ತಾರೆ. "ಏಳಕ್ಕೆ ಬಂದು ಮಲಗಿದ್ರೆ ಹನ್ನೆರಡರೊಳಗೆ ತಾನೇ ಎಚ್ಚರ ಆಗುತ್ತೆ. ರಾತ್ರಿಯೆಲ್ಲ ನಿದ್ದೆಗೆಟ್ಟೋರಿಗೆ ಹಗಲೊತ್ತು ಯಾಕವ್ವ ನಿದ್ದೆ ನಿಲ್ಲಲ್ಲ?" ಎಂಬುದು ಅವರ ಪ್ರಶ್ನೆ. ಏಳು ಗಂಟೆಗೆ ಒತ್ತಡ ತುಂಬಿ ತುಳುಕುತ್ತಿರುವುದರಿಂದ ಮಲಗಿದ ಕೂಡಲೇ ನಿದ್ದೆ ಹತ್ತುತ್ತದೆ. ನಾಲ್ಕೈದು ಗಂಟೆಯಲ್ಲಿ ಒತ್ತಡದ ಹೆಚ್ಚಿನ ಭಾಗ ಇಳಿದಾಗ ಹೊರಗೆ ನಡುಹಗಲು, ಒಳಗೆ ಗಡಿಯಾರದ ಎಳೆತ ಬಲವಾಗಿರುವ ಹೊತ್ತು. ರಾತ್ರಿಯಾಗಿದ್ದರೆ ಉಳಿದ ನಿದ್ದೆಯನ್ನು ಕಾಯುತ್ತಿದ್ದ ಗಡಿಯಾರವೇ ಈಗ ಅದನ್ನು ಕೆಡಿಸುತ್ತದೆ. ಇದು ಸೋಮಾರಿತನವೂ ಅಲ್ಲ, ಅಭ್ಯಾಸದ ದೋಷವೂ ಅಲ್ಲ ಎಂದು ಅವರಿಗೆ ಬಿಡಿಸಿ ಹೇಳುವುದು ನಮ್ಮ ಕರ್ತವ್ಯ. ಜೊತೆಗೆ ಹೇಳಬೇಕಾದ ಉಪಾಯಗಳು ಮೂರು: ತೋಟದಿಂದ ಬಂದವರು ಬಿಸಿಲಿನಲ್ಲಿ ಹೊತ್ತು ಕಳೆಯದೆ ಬೇಗ ಮಲಗುವುದು, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಕೋಣೆಯನ್ನು ಕತ್ತಲು ಮಾಡುವುದು, ಮತ್ತೆ ರಾತ್ರಿ ತೋಟಕ್ಕೆ ಹೊರಡುವ ಮುನ್ನ ಒಂದೂವರೆ ಗಂಟೆಯ ಇನ್ನೊಂದು ನಿದ್ದೆ ಮಾಡುವುದು. ನಸುಕಿಗೂ ಮುನ್ನ ಎದ್ದು ದುಡಿಯುವ ದಾವಣಗೆರೆಯ ಮಂಡಕ್ಕಿ ಭಟ್ಟಿಯವರಿಗೂ, ರಾತ್ರಿ ಪಾಳಿಯ ಶುಶ್ರೂಷಕಿಯರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಹೆದ್ದಾರಿಯ ಮೂರರಿಂದ ಐದು ಗಂಟೆ

ಮೇಲಿನ ಗಂಟೆ ಗಂಟೆಯ ಲೆಕ್ಕದಲ್ಲಿ ಅತ್ಯಂತ ಅಪಾಯದ ಗಂಟೆ ಯಾವುದೆಂದು ಹುಡುಕಿದರೆ, ಒತ್ತಡ ಗರಿಷ್ಠವಾಗಿದ್ದು ಗಡಿಯಾರದ ಬೆಂಬಲ ಕನಿಷ್ಠವಾಗಿರುವ ಗಂಟೆ ಸಿಗುತ್ತದೆ. ಹಗಲೆಲ್ಲ ಎದ್ದಿದ್ದು ರಾತ್ರಿ ವಾಹನ ಓಡಿಸುವವರಿಗೆ ಅದು ಬೆಳಗಿನ ಜಾವ ಮೂರರಿಂದ ಐದು. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿ.ಮೀ., ದಾವಣಗೆರೆಗೆ ಸುಮಾರು 260 ಕಿ.ಮೀ. ಇರುವುದರಿಂದ, ರಾತ್ರಿ ಹನ್ನೊಂದರ ಆಸುಪಾಸಿನಲ್ಲಿ ಬೆಂಗಳೂರಿನಿಂದ ಹೊರಟು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹುಬ್ಬಳ್ಳಿ ಕಡೆಗೆ ಸಾಗುವ ವಾಹನಗಳ ಚಾಲಕರು ನಮ್ಮ ಎರಡು ಜಿಲ್ಲೆಗಳನ್ನು ದಾಟುವುದು ಸರಿಯಾಗಿ ಆ ಹೊತ್ತಿನಲ್ಲೇ. ಕಿಟಕಿ ತೆರೆದು ಗಾಳಿ ಬಿಟ್ಟುಕೊಳ್ಳುವುದು, ಜೋರಾಗಿ ಹಾಡು ಹಾಕುವುದು ಸ್ವಲ್ಪ ಹೊತ್ತು ಮಾತ್ರ ಸಹಾಯ ಮಾಡುತ್ತವೆ, ಏಕೆಂದರೆ ಅವು ಅಡಿನೋಸಿನ್ ಅನ್ನು ಇಳಿಸುವುದಿಲ್ಲ. ಚಾಲಕರಿಗೆ ನಾನು ಹೇಳಬಯಸುವುದು ಇಷ್ಟು: ಕಣ್ಣು ಮುಚ್ಚಿಕೊಳ್ಳುವಂತಾದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು, ಕೂಡಲೇ 15ರಿಂದ 20 ನಿಮಿಷ ಮಲಗಬೇಕು. ಕಾಫಿ ಪೂರ್ತಿ ಪರಿಣಾಮ ತೋರಲು ಅರ್ಧ ಗಂಟೆ ಹಿಡಿಯುವುದರಿಂದ ಅಷ್ಟರಲ್ಲಿ ಕಿರುನಿದ್ದೆ ಮುಗಿದಿರುತ್ತದೆ. ಅದಕ್ಕಿಂತ ಹೆಚ್ಚು ಮಲಗಿ ಗಾಢ ನಿದ್ದೆಗೆ ಜಾರಿದರೆ, ಎದ್ದ ಮೇಲೆ ಮಂಪರು ಹರಿಯುವವರೆಗೆ ಚಕ್ರ ಹಿಡಿಯಬಾರದು.

ಕಾಫಿ, ಟೀ: ನನ್ನ ನೆಚ್ಚಿನ ಲೆಕ್ಕ

ಕೆಫೀನ್ ಅಡಿನೋಸಿನ್‌ನ ಗ್ರಾಹಕಗಳ (ಅದು ಬಂದು ಕೂರುವ ಜಾಗಗಳ) ಮೇಲೆ ಕುಳಿತು ಅದರ ಸಂದೇಶವನ್ನು ತಡೆಯುತ್ತದೆ. ಒತ್ತಡ ಹಾಗೆಯೇ ಇರುತ್ತದೆ, ನಮಗೆ ತಿಳಿಯುವುದಿಲ್ಲ ಅಷ್ಟೆ. ದೇಹದಲ್ಲಿರುವ ಕೆಫೀನ್ ಅರ್ಧವಾಗಲು ಸುಮಾರು 5 ಗಂಟೆ ಬೇಕು. ಆದ್ದರಿಂದ "ಕುಡಿದ ಹೊತ್ತಿಗೆ ಐದು ಸೇರಿಸು, ಅರ್ಧ ಉಳಿದಿದೆ" ಎಂಬ ಸೂತ್ರವನ್ನು ನಾನು ಬಳಸುತ್ತೇನೆ. ಸಂಜೆ ಆರಕ್ಕೆ ಮಂಡಕ್ಕಿ, ಮಿರ್ಚಿಯ ಜೊತೆ ಕುಡಿದ ಟೀಯ ಅರ್ಧದಷ್ಟು ಕೆಫೀನ್ ರಾತ್ರಿ ಹನ್ನೊಂದಕ್ಕೂ ಒಳಗಿರುತ್ತದೆ. ಹಳ್ಳಿಯ ಸಭೆಗಳಲ್ಲಿ ಇದನ್ನು ಹೇಳಿದಾಗ ಜನ ತಾವೇ ಬೆರಳೆಣಿಸಿ ಲೆಕ್ಕ ಹಾಕುವುದನ್ನು ಕಂಡಿದ್ದೇನೆ. ಮಧ್ಯಾಹ್ನ ಮೂರರ ನಂತರದ ಟೀ ಬಿಟ್ಟು ನೋಡಿ ಎಂದರೆ ಆಗ ಒಪ್ಪುತ್ತಾರೆ.

"ನನಗೆ ಆರು ತಾಸು ಸಾಕು" ಎನ್ನುವವರಿಗೆ

2003ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಎರಡು ವಾರ ದಿನಕ್ಕೆ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿ, ಎರಡು ರಾತ್ರಿವರೆಗೆ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿದಿತ್ತು. ಹೆಚ್ಚು ಗಮನಿಸಬೇಕಾದ ಸಂಗತಿಯೆಂದರೆ, ತಮಗೆ ಅಷ್ಟು ನಿದ್ದೆ ಕೊರತೆಯಾಗಿದೆ ಎಂದು ಅವರಿಗೇ ಅನಿಸುತ್ತಿರಲಿಲ್ಲ. ಆದ್ದರಿಂದ ಮನೆಭೇಟಿಯಲ್ಲಿ "ನಿದ್ದೆ ಸಾಕಾಗುತ್ತದೆಯೇ?" ಎಂದು ಕೇಳಿ ಉತ್ತರ ಬರೆದುಕೊಳ್ಳುವುದು ಸಾಲದು. ಎಷ್ಟಕ್ಕೆ ಮಲಗುತ್ತೀರಿ, ಎಷ್ಟಕ್ಕೆ ಏಳುತ್ತೀರಿ, ಬಸ್ಸಿನಲ್ಲಿ ಕುಳಿತ ಕೂಡಲೇ ತೂಕಡಿಕೆ ಬರುತ್ತದೆಯೇ ಎಂದು ಬಿಡಿಬಿಡಿಯಾಗಿ ಕೇಳಬೇಕು.

ಗೊರಕೆ

ಗೊರಕೆಯ ಬಗ್ಗೆ ಮಲಗಿದವರಿಗಿಂತ ಪಕ್ಕದಲ್ಲಿದ್ದವರನ್ನು ಕೇಳುವುದು ಒಳ್ಳೆಯದು. ಜೋರು ಗೊರಕೆಯ ನಡುವೆ ಉಸಿರು ಕೆಲವು ಕ್ಷಣ ನಿಂತು, ಮತ್ತೆ ಉಸಿರುಗಟ್ಟಿದಂತೆ ಬೆಚ್ಚಿ ಶುರುವಾಗುತ್ತದೆ ಎಂದು ಮನೆಯವರು ಹೇಳಿದರೆ ಅದು ಸ್ಲೀಪ್ ಅಪ್ನಿಯಾ ಇರಬಹುದು. ಇಂಥವರಲ್ಲಿ ಅನೇಕರು ಎಂಟು ಗಂಟೆ ಮಲಗಿದರೂ ಹಗಲು ತೂಕಡಿಸುತ್ತಾರೆ. ರಕ್ತದೊತ್ತಡ ಹೆಚ್ಚಿರುವವರು, ಬೊಜ್ಜು ಇರುವವರು ಮತ್ತು ಚಾಲಕ ವೃತ್ತಿಯವರಲ್ಲಿ ಈ ಲಕ್ಷಣ ಕಂಡರೆ ತಡಮಾಡದೆ ಶ್ವಾಸಕೋಶ ಅಥವಾ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಕಳುಹಿಸಿ ಸ್ಲೀಪ್ ಸ್ಟಡಿ (ಮಲಗಿದಾಗಿನ ಉಸಿರಾಟವನ್ನು ದಾಖಲಿಸುವ ಪರೀಕ್ಷೆ) ಬೇಕೇ ಎಂದು ವೈದ್ಯರನ್ನು ಕೇಳಲು ಹೇಳಬೇಕು. ವೈದ್ಯರನ್ನು ಕಾಣುವವರೆಗೆ ತಾವಾಗಿ ನಿದ್ದೆ ಮಾತ್ರೆ ಕೊಂಡು ನುಂಗಬಾರದೆಂದು, ಮದ್ಯ ಸೇವಿಸಿ ಮಲಗಬಾರದೆಂದು ಎಚ್ಚರಿಸಬೇಕು, ಏಕೆಂದರೆ ಮದ್ಯವೂ ಕೆಲವು ನಿದ್ದೆ ಮಾತ್ರೆಗಳೂ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸಿ ಉಸಿರಿನ ದಾರಿಯನ್ನು ಕಿರಿದುಮಾಡುತ್ತವೆ.