ಬಡಿದಷ್ಟೂ ಗಟ್ಟಿಯಾಗುವ ಮೊಣಕೈ ಚಿಪ್ಪು

ಮಧ್ಯಯುಗದ ಯೂರೋಪಿನ ಯೋಧರನ್ನು ಕ್ರೇನಿನಲ್ಲಿ ಎತ್ತಿ ಕುದುರೆ ಮೇಲೆ ಕೂರಿಸುತ್ತಿದ್ದರು ಎಂಬ ಕಟ್ಟುಕತೆಯನ್ನು ನಂಬುವವರು ಇನ್ನೂ ಇದ್ದಾರೆ. ಯುದ್ಧಕ್ಕೆ ತೊಡುತ್ತಿದ್ದ ಇಡೀ ಉಕ್ಕಿನ ಕವಚ ಸುಮಾರು 15ರಿಂದ 25 ಕಿಲೋ, ಅದೂ ಮೈತುಂಬ ಹಂಚಿಹೋದ ಭಾರ. ತೊಟ್ಟವರು ಓಡುತ್ತಿದ್ದರು, ಕುದುರೆಯನ್ನು ತಾವೇ ಹತ್ತುತ್ತಿದ್ದರು. ಅಷ್ಟು ತೆಳು ತಗಡು ಕತ್ತಿಯೇಟನ್ನು ತಡೆಯುತ್ತಿದ್ದದ್ದು ಹೇಗೆ? ಹಿತ್ತಿಲಲ್ಲಿ ಕೂತು ಅಂಥ ಕವಚದ ಮೊಣಕೈ ಚಿಪ್ಪೊಂದನ್ನು ಬಡಿದಾಗ ನನಗೆ ಅರ್ಥವಾಯಿತು.

18 ಗೇಜಿನ (ಸುಮಾರು 1.2 ಮಿಲಿಮೀಟರ್ ದಪ್ಪದ) ಎಂಎಸ್ ಶೀಟು ಎಂಬ ಮೆದು ಉಕ್ಕಿನ ತಗಡು, ಬೋಗುಣಿಯಂತೆ ಗುಳಿ ಕೊರೆದ ಮರದ ದಿಮ್ಮಿ, ದುಂಡುಮೂತಿಯ ಸುತ್ತಿಗೆ ಇದ್ದರೆ ಸಾಕು. ಸತುವು ಲೇಪಿಸಿದ ತಗಡು ಮಾತ್ರ ಬೇಡ. ಕಾಯಿಸಿದರೆ ಅದರ ಹೊಗೆಯಿಂದ ಜ್ವರ ಬರುತ್ತದೆ. ಕಬ್ಬಿಣ ಕಾದಾಗಲೇ ಬಡಿಯಬೇಕೆಂಬ ಮಾತು ಇಲ್ಲಿ ಅನ್ವಯಿಸದು. ತಣ್ಣನೆಯ ತಗಡನ್ನೇ ಗುಳಿಯ ಮೇಲಿಟ್ಟು ಬಡಿಯುತ್ತ ಹೋದರೆ ನಡು ಇಳಿಯುತ್ತದೆ, ಅಂಚು ಕರಿದ ಹಪ್ಪಳದಂತೆ ಸೊಟ್ಟಗಾಗುತ್ತದೆ. ಸುಕ್ಕು ಮಡಚಿಕೊಳ್ಳುವ ಮೊದಲೇ ತಟ್ಟಿ ಇಳಿಸಬೇಕು. ಸ್ವಲ್ಪ ಹೊತ್ತಿಗೆ ಅದೇ ಏಟಿಗೆ ತಗಡು ಮೊದಲಿನಷ್ಟು ಬಗ್ಗುವುದಿಲ್ಲ. ಗಟ್ಟಿಯಾಗಿರುತ್ತದೆ.

ಲೋಹದ ಹರಳಿನಲ್ಲಿ ಪರಮಾಣುಗಳು ಚುಕ್ಕಿ ರಂಗೋಲಿಯಂತೆ ಸಾಲಾಗಿರುತ್ತವೆ. ಇಡೀ ಸಾಲು ಒಮ್ಮೆಗೇ ಜಾರಬೇಕಾದರೆ ಭಾರೀ ಬಲ ಬೇಕು. ಲೋಹವೋ ಅದರ ಒಂದು ಪುಟ್ಟ ಪಾಲಿಗೇ ಬಗ್ಗುತ್ತದೆ. ಈ ಒಗಟನ್ನು 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿಯೇ ಬಿಡಿಸಿದರು. ರಂಗೋಲಿಯಲ್ಲಿ ಅಲ್ಲಲ್ಲಿ ಅರ್ಧಕ್ಕೇ ನಿಂತ ಸಾಲುಗಳಿರುತ್ತವೆ, ಜಾರುವುದು ಆ ದೋಷ. ಮದುವೆಮನೆಯ ಜಮಖಾನ ಎಳೆದರೆ ಅಲುಗದು. ಒಂದು ತುದಿಯಲ್ಲಿ ಸುಕ್ಕೆಬ್ಬಿಸಿ ಇನ್ನೊಂದು ತುದಿಗೆ ತಳ್ಳಿ, ಜಮಖಾನ ನಾಲ್ಕು ಬೆರಳು ಸರಿದಿರುತ್ತದೆ. ಲೋಹದೊಳಗಿನ ದೋಷವೂ ಆ ಸುಕ್ಕಿನಂತೆಯೇ. ಬಡಿದಷ್ಟೂ ಇಂಥ ಸುಕ್ಕುಗಳು ಹುಟ್ಟುತ್ತವೆ, ನಾಲ್ಕೂ ಬೀದಿಯಿಂದ ಬಂದ ತೇರುಗಳಂತೆ ಒಂದಕ್ಕೊಂದು ಅಡ್ಡ ನಿಲ್ಲುತ್ತವೆ, ಬೆಕ್ಕಿಗೆ ಸಿಕ್ಕ ದಾರದುಂಡೆಯಂತೆ ಗೋಜಲಾಗುತ್ತವೆ. ಆ ಗೋಜಲೇ ಗಟ್ಟಿತನ.

ಮಿತಿ ಮೀರಿದರೆ ಸೀಳು. ಅಂಚಿಗೆಂದು ಬಗ್ಗಿಸುತ್ತಿದ್ದ ನನ್ನ ಹಿತ್ತಾಳೆ ಪಟ್ಟಿ ಟಪ್ಪೆಂದು ಎರಡಾಯಿತು. ಮುಂದಿನದನ್ನು ಮಬ್ಬು ಬೆಳಕಿನಲ್ಲಿ ಮಂಕು ಕೆಂಪಾಗುವವರೆಗೆ ಕಾಯಿಸಿದೆ. ಒಳಗೆ ಹೊಸ ಹರಳು ಹುಟ್ಟಿ ಗೋಜಲು ಅಳಿಸಿಹೋಯಿತು. ಕಂಚುಗಾರರು ಕೊಡ ಬಡಿಯುವಾಗ ನಡುನಡುವೆ ಬೆಂಕಿ ತೋರಿಸುವುದೂ ಇದಕ್ಕೇ.

ಕವಚದ ಅಲಂಕಾರವೆಲ್ಲ ಬರೀ ಶೋಕಿ ಎನ್ನುವವರೊಂದಿಗೆ ನನ್ನ ಜಗಳವಿದೆ. ಮೊಣಕೈ ಒಳಬಾಗನ್ನು ಕಾಯಲು ಚಿಪ್ಪಿನ ಪಕ್ಕ ಬೀಸಣಿಗೆಯಂಥ ರೆಕ್ಕೆ ಇರುತ್ತದೆ. 16ನೇ ಶತಮಾನದ ಆರಂಭದ ಜರ್ಮನ್ ಕವಚಗಳಲ್ಲಿ, ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಹೆಸರಿನ ಶೈಲಿಯಲ್ಲಿ, ಮೈತುಂಬ ಗೆರೆಗೆರೆ ಏಣುಗಳು. ಒಂದು ಹಾಳೆಯನ್ನು ಬೀಸಣಿಗೆಯಂತೆ ಮಡಚಿ ಎರಡು ಲೋಟಗಳ ಮೇಲಿಡಿ, ಮೂರನೆಯದನ್ನು ಹೊರುತ್ತದೆ. ಬಾಗದಿರುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ: ಎರಡು ಪಟ್ಟು ದಪ್ಪಕ್ಕೆ ಎಂಟು ಪಟ್ಟು. ಏಣು ಎಂದರೆ ತೂಕವಿಲ್ಲದೆ ಕದ್ದ ದಪ್ಪ.

ಕೊರೆದ ಚಿತ್ತಾರದ ಕತೆಯೇ ಬೇರೆ. ಜರ್ಮನಿಯ ಆಗ್ಸ್‌ಬರ್ಗಿನ ಡೇನಿಯಲ್ ಹೋಪ್ಫರ್ ಆಮ್ಲದಿಂದ ಕವಚಗಳ ಮೇಲೆ ಚಿತ್ರ ಕೊರೆಯುತ್ತಿದ್ದವನು. 1500ರ ಆಸುಪಾಸಿನಲ್ಲಿ ಅದೇ ಕೈಚಳಕವನ್ನು ಕಬ್ಬಿಣದ ಫಲಕಕ್ಕೆ ತಂದು ಕಾಗದದ ಮೇಲೆ ಅಚ್ಚೊತ್ತಿದ. ನಾನೂ ಒಂದು ತುಂಡು ತಗಡಿನ ಮೇಲೆ ಉಗುರುಬಣ್ಣದಲ್ಲಿ ಬಳ್ಳಿ ಬಿಡಿಸಿ, ಸರ್ಕ್ಯೂಟ್ ಬೋರ್ಡಿನವರು ಬಳಸುವ ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದೆ. ತೊಳೆದು, ತಗ್ಗಿಗೆ ಮಸಿ ತಿಕ್ಕಿ, ಒದ್ದೆ ಕಾಗದ ಒತ್ತಿದೆ. ಬಳ್ಳಿ ಎಡಬಲ ಅದಲುಬದಲಾಗಿ ಬಂತು, ನಡುವೆ ಸುತ್ತಿಗೆ ಜಾರಿ ಬಿದ್ದಿದ್ದ ಒಂದು ಪೆಟ್ಟಿನ ಗುರುತಿನ ಸಮೇತ.