ರಸ್ಟಿ ಲೇಕ್ ಪೂರ್ತಿ ಲಾರಾಳ ಕನಸಾ?

ಪ್ರಶ್ನೆ: ರಸ್ಟಿ ಲೇಕ್ ಅನ್ನುವ ಕೆರೆಯ ಸುತ್ತ ನಡೆಯುವ ಒಗಟಿನ ಆಟಗಳನ್ನೆಲ್ಲ ಆಡಿ ಮುಗಿಸಿದೆ. ಒಂದಕ್ಕೊಂದು ತಾಳೆಯೇ ಆಗುತ್ತಿಲ್ಲ. ಹಕ್ಕಿ ತಲೆಯ ಮನುಷ್ಯರು, ಕಪ್ಪು ನೆರಳುಗಳು, ಪೆಟ್ಟಿಗೆಯೊಳಗೆ ಗಿಳಿ. ಇದೆಲ್ಲ ಕಥೆಯಲ್ಲಿ ಸಾಯುವ ಲಾರಾ ಕಂಡ ಕನಸು ಅಂತಲೇ ಅರ್ಥ ಅಲ್ವಾ?

ಅಲ್ಲ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಕೆಲವರು ಲಾರಾಳ ಕನಸು ಅನ್ನುತ್ತಾರೆ. ಕೆಲವರು ಅವಳ ಸಾವಿನ ತನಿಖೆ ಮಾಡುವ ಪತ್ತೇದಾರ ಡೇಲ್ ಕೋಮಾದಲ್ಲಿದ್ದಾನೆ ಅನ್ನುತ್ತಾರೆ. ಇನ್ನು ಕೆಲವರು ಅವಳನ್ನು ಪ್ರೀತಿಸಿದ ಬಾಬ್‌ಗೆ ತಲೆ ಕೆಟ್ಟು ಹೀಗೆಲ್ಲ ಕಾಣುತ್ತಿದೆ ಅನ್ನುತ್ತಾರೆ. ಮಲಗಿರುವವರು ಬೇರೆ ಬೇರೆ, ವಾದ ಮಾತ್ರ ಒಂದೇ. ಹಾಗಾಗಿ ಈ ಸಲ ಬಿಡಿಸಿ ಬರೆಯುತ್ತೇನೆ. ಕಥೆಯ ಗುಟ್ಟುಗಳು ಬರುತ್ತವೆ. ಆಡದೇ ಇರುವವರು ದಯವಿಟ್ಟು ಆಡಿ ಬಂದು ಓದಿ. ಈ ಸರಣಿಯೊಳಗಿನ ಮೊದಲ ಒಂಬತ್ತು ಕ್ಯೂಬ್ ಎಸ್ಕೇಪ್ ಆಟಗಳು 2020ರಿಂದ ಒಂದೇ ಕಟ್ಟಿನಲ್ಲಿ ಸಿಗುತ್ತವೆ.

ಮೊದಲು ಇಸವಿ ನೋಡಿ. ಲಾರಾ ಹುಟ್ಟುವುದು 1935ರಲ್ಲಿ. ರೂಟ್ಸ್ ಆಟ ಶುರುವಾಗುವುದು 1860ರಲ್ಲಿ, ಜೇಮ್ಸ್ ಒಂದು ಬೀಜ ನೆಡುವಲ್ಲಿಂದ. ಅಜ್ಜ, ಮಕ್ಕಳು, ಮೊಮ್ಮಕ್ಕಳು ಅಂತ ಹಲವು ಹಂತ ದಾಟಿದ ಮೇಲೆ ಲಾರಾಳ ಸರದಿ. ಹೋಟೆಲ್ ಆಟದ ಐದು ರಾತ್ರಿಗಳು 1893ರವು. ಪ್ಯಾರಡೈಸ್ ಅಂತೂ 1796ಕ್ಕೆ ಹೋಗುತ್ತದೆ. ಕನಸಲ್ಲಿ ಹಳೇ ಕಾಲ ಬರಬಾರದಾ ಅಂತ ಕೇಳುತ್ತೀರಿ. ಬರಬಹುದು. ಆದರೆ ಕನಸಿನಲ್ಲಿ ಲೆಕ್ಕ ಕೂಡುವುದಿಲ್ಲ. ಇಲ್ಲಿ ಕೂಡುತ್ತದೆ. ಗೂಬೆ ತಲೆಯ ಮಿಸ್ಟರ್ ಔಲ್ ನಮಗೆ 2015ರ ಆಟಗಳಲ್ಲೇ ಪರಿಚಯ. ಅವನು ಮನುಷ್ಯನಾಗಿದ್ದಾಗ ಯಾರು ಅನ್ನುವುದಕ್ಕೆ 2018ರ ಪ್ಯಾರಡೈಸ್‌ನಲ್ಲಿ ಉತ್ತರ ಬಂತು: ತಾಯಿ ಸತ್ತ ಮೇಲೆ ದ್ವೀಪಕ್ಕೆ ಮರಳಿದ ಜೇಕಬ್. ಆಟ ಮಾಡಿದವರು ವರ್ಷಗಳ ಮೇಲೆ ವರ್ಷ ಈ ಎಳೆಗಳನ್ನು ಕೈಬಿಡದೆ ನೇಯುತ್ತಾ ಬಂದಿದ್ದಾರೆ.

ಎರಡನೆಯ ಮಾತು, ನನಗೆ ಇದೇ ಮುಖ್ಯ. 2022ರಲ್ಲಿ ಬಂದ ದ ಪಾಸ್ಟ್ ವಿದಿನ್ ಆಟವನ್ನು ಒಬ್ಬರೇ ಆಡಲು ಬರುವುದಿಲ್ಲ. ಇಬ್ಬರು ಬೇಕು, ಎರಡು ಫೋನೋ ಕಂಪ್ಯೂಟರೋ ಬೇಕು. ಒಬ್ಬರು ಹಿಂದಿನ ಕಾಲದಲ್ಲಿ, ಇನ್ನೊಬ್ಬರು ಮುಂದಿನ ಕಾಲದಲ್ಲಿ. ನಾನು ತಂಗಿಯ ಜೊತೆ ಆಡಿದೆ. ಅವಳು ಧಾರವಾಡದಲ್ಲಿ, ನಾನು ಇಲ್ಲಿ. ಅವಳ ಪರದೆಯಲ್ಲಿ ಚಪ್ಪಟೆ ಚಿತ್ರದ ಕೋಣೆ. ನನ್ನದರಲ್ಲಿ ಎಲ್ಲ ಕಡೆ ತಿರುಗಿಸಿ ನೋಡಬಹುದಾದ ಪೆಟ್ಟಿಗೆ. ನನ್ನ ಪೆಟ್ಟಿಗೆಯ ಬೀಗಕ್ಕೆ ಬೇಕಾದ ಗುರುತು ಅವಳ ಕೋಣೆಯಲ್ಲಿ ಇತ್ತು. "ಅಕ್ಕಾ, ಒಂದು ಗೆರೆ ಇದೆ, ಅದರ ಮೇಲೆ ಚುಕ್ಕಿ... ಅಲ್ಲ ಅಲ್ಲ, ಕೆಳಗೆ!" ಅಂತ ಅವಳು ಹೇಳುವುದು, ನಾನು ತಿರುಗಿಸುವುದು. ತಪ್ಪಾಗಿ ಹೇಳಿದರೆ ಬೀಗ ಅಲ್ಲಾಡುವುದಿಲ್ಲ. ಸರಿಯಾಗಿ ಹೇಳಿದರೆ ಟಕ್ ಅನ್ನುತ್ತದೆ. ಆ ಸದ್ದು ಕೇಳಿ ಇಬ್ಬರೂ ಒಟ್ಟಿಗೆ ಕೂಗಿದೆವು. ಈಗ ಹೇಳಿ, ಇದು ಯಾರ ಕನಸು? ಎರಡು ಕಾಲದಲ್ಲಿ ಇಬ್ಬರು ಎಚ್ಚರ ಇದ್ದರೆ ಮಾತ್ರ ತೆರೆಯುವ ಪೆಟ್ಟಿಗೆಯನ್ನು ಮಲಗಿರುವ ಒಬ್ಬರ ತಲೆಗೆ ಕಟ್ಟುವುದು ಹೇಗೆ?

ಇಲ್ಲಿ ಯಾವಾಗಲೂ ಒಂದು ತಿರುಗುಬಾಣ ಬರುತ್ತದೆ. "ಆಟದಲ್ಲೇ ಎಲ್ಲವನ್ನೂ ನೆನಪು ಅನ್ನುತ್ತಾರಲ್ಲ, ನೆನಪು ಅಂದರೆ ತಲೆಯೊಳಗಿನದೇ ತಾನೇ?" ನಮ್ಮ ಲೋಕದಲ್ಲಿ ಹೌದು. ಆ ಕೆರೆಯ ಲೋಕದಲ್ಲಿ ಅಲ್ಲ. ಅಲ್ಲಿ ನೆನಪು ಅನ್ನುವುದು ಕೈಯಲ್ಲಿ ಹಿಡಿಯಬಹುದಾದ ವಸ್ತು. ಅದನ್ನು ಮನುಷ್ಯನಿಂದ ಹೊರಗೆ ತೆಗೆಯಬಹುದು. ಒಳ್ಳೆಯದು ಬಿಳಿ ಘನ, ಅಂದರೆ ಕ್ಯೂಬ್ ಆಗುತ್ತದೆ, ಕೆಟ್ಟದ್ದು ಕಪ್ಪು. ಅದನ್ನು ಕೂಡಿಡಬಹುದು, ಯಂತ್ರಕ್ಕೆ ಹಾಕಬಹುದು. ಸೀಸನ್ಸ್ ಆಟವನ್ನೇ ನೆನಪಿಸಿಕೊಳ್ಳಿ. ಒಂದೇ ಕೋಣೆ, ನಾಲ್ಕು ಕಾಲ: 1964ರ ವಸಂತ, 1971ರ ಬೇಸಿಗೆ, ಅದೇ ವರ್ಷದ ಶರತ್ಕಾಲ, ಆಮೇಲೆ 1981ರ ಚಳಿಗಾಲ. ಕೊನೆಗೆ ನೀವು ಹಿಂದಕ್ಕೆ ಹೋಗಿ ಹಳೆಯ ಕೋಣೆಯಲ್ಲಿ ಏನನ್ನೋ ಬದಲಿಸುತ್ತೀರಿ. ಬರ್ತ್‌ಡೇ ಆಟದಲ್ಲೂ ಹಾಗೇ. 1939ರಲ್ಲಿ ಪುಟ್ಟ ಡೇಲ್‌ನ ಹುಟ್ಟುಹಬ್ಬ. ಮೊಲದ ತಲೆಯವನೊಬ್ಬ ಬಂದು ಮನೆಯವರಿಗೆ ಗುಂಡು ಹೊಡೆಯುತ್ತಾನೆ. ಆ ದಿನಕ್ಕೆ ಮತ್ತೆ ಹೋಗಿ ಅದನ್ನು ತಿದ್ದುವುದೇ ಆಟ. ಇಡೀ ಸರಣಿ ನಿಂತಿರುವುದು ಈ ಒಂದು ನಿಯಮದ ಮೇಲೆ. ಕನಸು ಅಂದ ತಕ್ಷಣ ನಿಯಮ ಹೋಯಿತು. ಗಿಳಿ ಯಾಕೆ ಅಂದರೆ ಕನಸು. ಮೊಲ ಯಾಕೆ ಅಂದರೆ ಕನಸು. ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಕೊಡುವ ವಾದ ಯಾವ ಪ್ರಶ್ನೆಗೂ ಉತ್ತರ ಕೊಟ್ಟಿಲ್ಲ.

ಬಾಬ್ ವಿಷಯಕ್ಕೆ ನನಗೆ ನಿಜವಾಗಲೂ ಬೇಜಾರಾಗುತ್ತದೆ. 2020ರ ದ ವೈಟ್ ಡೋರ್ ಆಟದಲ್ಲಿ ಅವನು ಮಾನಸಿಕ ಆರೋಗ್ಯ ಕೇಂದ್ರವೊಂದರ ಬಿಳಿ ಕೋಣೆಯಲ್ಲಿದ್ದಾನೆ. ನೆನಪು ಹೋಗಿದೆ. ದಿನಾ ಏಳುವುದು, ಹಲ್ಲುಜ್ಜುವುದು, ತಿನ್ನುವುದು, ಮಲಗುವುದು. ಪ್ರೀತಿಸಿದ ಲಾರಾ ಸತ್ತಿದ್ದಾಳೆ. ಇದನ್ನು ನೋಡಿ "ಓ, ಇವನಿಗೆ ಹುಚ್ಚು, ಅದಕ್ಕೇ ಇದೆಲ್ಲ" ಅಂದುಬಿಟ್ಟರೆ ಅವನ ದುಃಖವನ್ನೇ ಅಳಿಸಿದ ಹಾಗೆ. ಕನಸಾದರೆ ಲಾರಾ ಸತ್ತೇ ಇಲ್ಲ. ಆಗ ಡೇಲ್ ಯಾರ ಸಾವಿನ ತನಿಖೆ ಮಾಡುತ್ತಿದ್ದ?

ಹಾಗಾದರೆ ಈ ಕನಸಿನ ಮಾತು ಬಂದಿದ್ದು ಎಲ್ಲಿಂದ? ಬಹುಪಾಲು ಟ್ವಿನ್ ಪೀಕ್ಸ್‌ನಿಂದ. 1990ರಲ್ಲಿ ಶುರುವಾದ ಆ ಅಮೆರಿಕದ ಟಿವಿ ಧಾರಾವಾಹಿಯಲ್ಲಿ ಸತ್ತ ಹುಡುಗಿ ಲಾರಾ, ಪತ್ತೆಗೆ ಬರುವವನು ಡೇಲ್, ಬಾಬ್ ಅಂತ ಒಬ್ಬ ಇದ್ದಾನೆ, ಗೂಬೆಗಳೂ ಇವೆ. ಅದರ ಪ್ರಭಾವವನ್ನು ಆಟದವರು ಯಾವತ್ತೂ ಮುಚ್ಚಿಟ್ಟಿಲ್ಲ. ಆ ಧಾರಾವಾಹಿಯಲ್ಲಿ ಕನಸುಗಳು ಜಾಸ್ತಿ. ಅದನ್ನು ನೋಡಿದವರು ಅಲ್ಲಿನ ಬೀಗದ ಕೈಯನ್ನು ಇಲ್ಲಿಗೂ ಹಾಕಿ ತಿರುಗಿಸುತ್ತಿದ್ದಾರೆ. ಹೆಸರು ಸಾಲ ತಂದ ಮಾತ್ರಕ್ಕೆ ಕಥೆಯೂ ಅದೇ ಆಗಬೇಕಿಲ್ಲ.

ಹೆಸರಿನ ಮಾತು ಬಂತು ನೋಡಿ. ಗುಟ್ಟು ಹುಡುಕುವವರು ಗಡಿಯಾರದ ಮುಳ್ಳಿನ ಕೋನ ಅಳೆಯುತ್ತಾರೆ, ಗೋಡೆಯ ಚಿತ್ರಗಳನ್ನು ತಲೆಕೆಳಗು ಮಾಡಿ ನೋಡುತ್ತಾರೆ. ಆದರೆ ಇವರ ಮನೆತನದ ಹೆಸರಿನ ಅರ್ಥ ಏನು ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ನನ್ನನ್ನು ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಯಾಕೆಂದರೆ ಇಡೀ ಸರಣಿಯಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದು.

ಆಟ ಮಾಡಿದವರು ಆಮ್‌ಸ್ಟರ್‌ಡ್ಯಾಮ್‌ನವರು. ಹೆಸರುಗಳು ಡಚ್. ಲಾರಾಳ ಮನೆತನ ವ್ಯಾಂಡರ್‌ಬೋಮ್. ಇಂಗ್ಲಿಷಿನಂತೆ ಬೂಮ್ ಅಂತ ಓದಬೇಡಿ, ಡಚ್ಚರ ಬಾಯಲ್ಲಿ ಅದು ಬೋಮ್. ಅಂದರೆ ಮರ. ನಮ್ಮಲ್ಲಿ ಕೆರೆಮನೆ, ಹೊಸಮನೆ ಅನ್ನುವ ಹಾಗೆ ಇವರು ಮರದ ಮನೆಯವರು. ಈಗ ರೂಟ್ಸ್ ಆಟವನ್ನು ಮತ್ತೆ ತೆರೆಯಿರಿ. ಜೇಮ್ಸ್ ನೆಟ್ಟ ಬೀಜ ಮರವಾಗುತ್ತದೆ. ಒಂದೊಂದು ಕೊಂಬೆಗೆ ಒಂದೊಂದು ಹಂತ ಬಿಡುತ್ತದೆ. ವಂಶವೃಕ್ಷವನ್ನು ನಾವು ಕೈಯಾರೆ ಏರುತ್ತೇವೆ.

ಜೇಕಬ್‌ನ ಮನೆತನ ಐಲಾಂಡರ್. ಐಲಾಂಡ್ ಅಂದರೆ ದ್ವೀಪ. ಅವನು ಮರಳಿದ್ದು ಎಲ್ಲಿಗೆ ಅಂತ ಮೇಲೆ ಹೇಳಿದೆನಲ್ಲ.

ಉಳಿದವನು ಡೇಲ್ ವ್ಯಾಂಡರ್‌ಮೇರ್. ಮೇರ್ ಅಂದರೆ ಕೆರೆ, ಸರೋವರ. ಲಾರಾಳ ಸಾವಿನ ಜಾಡು ಹಿಡಿದು ಕೇಸ್ 23 ಆಟದಲ್ಲಿ ಅವನು ಹೊರಡುತ್ತಾನೆ. 2017ರ ದ ಕೇವ್ ಆಟದಲ್ಲಿ ಪುಟ್ಟ ಜಲಾಂತರ್ಗಾಮಿಯೊಳಗೆ ಕೂತು ರಸ್ಟಿ ಲೇಕ್‌ನ ತಳಕ್ಕೆ ಇಳಿಯುತ್ತಾನೆ. ಕಿಟಕಿಯ ಆಚೆ ನೀರು ಕಪ್ಪಾಗುತ್ತಾ ಹೋಗುತ್ತದೆ. ಕೆರೆಯವರ ಮನೆಯ ಹುಡುಗ ಕೆರೆಗೆ ಇಳಿಯುತ್ತಿದ್ದಾನೆ. ಮುಂದಿನ ಸಲ ಆಡುವಾಗ ಆ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ಸುಮ್ನೆ ನಿಲ್ಲಿ.